ಗುಡ್ಡ ಬೇಕೋ, ಪೇಪರ್ ಬೇಕೋ

ಐವತ್ತರ ಹತ್ತಿರ ಬಂದ ಗಂಡಸು ಕಣ್ಣಿನ ಆಪರೇಷನ್ ಮಾಡಿಸುತ್ತಾನೆ ಅಂದರೆ ರೋಣದಲ್ಲಿ ಯಾರಾದರೂ ಕೇಳುವುದು ಒಂದೇ ಮಾತು: "ಪೊರಿ ಬಂದೈತೇನ್ರಿ ಸರ?" ಪೊರೆ ಅಲ್ಲ, ಚಾಳೀಸು ಬಿಡಬೇಕಂತಿದ್ದೇನೆ ಎಂದರೆ ಕೇಳಿದವರ ದನಿ ತಗ್ಗುತ್ತದೆ. ದೃಷ್ಟಿ ಮೆಲ್ಲಗೆ ನನ್ನ ತಲೆಯ ಕಡೆ ಏರುತ್ತದೆ, ಕೂದಲಿಗೂ ಏನಾದರೂ ಬಳಿದುಕೊಂಡಿದ್ದಾನೋ ಎಂದು ನೋಡಲು. ಸ್ಟಾಫ್ ರೂಮಿನ ಹಿರಿಯರೊಬ್ಬರಂತೂ ನೇರವಾಗಿಯೇ ಅಂದರು: "ಮಗಳಿಗೆ ವರಾ ನೋಡೂ ವಯಸ್ಸಿನ್ಯಾಗ ನೀವ ಯಾಕ್ರಿ ವರಾ ಆಗಾಕ ಹೊಂಟೀರಿ?"

ನನಗೂ ಚಾಳೀಸಿಗೂ ಐದನೇ ಇಯತ್ತೆಯಿಂದ ಸಂಬಂಧ. ನಂಬರು ಮೈನಸ್ ಐದೂವರೆ. ಹುಟ್ಟಿದ್ದು ಗಜೇಂದ್ರಗಡ, ಗಣಿತ ಕಲಿಸುವುದು ರೋಣದಲ್ಲಿ, ಹೆಣ್ಣು ತಂದದ್ದು ನರಗುಂದದಿಂದ. ಈ ಮೂರೂ ಊರು ಚಾಳೀಸಿನವರಿಗಾಗಿ ಕಟ್ಟಿದವಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯುತ್ತಾರೆ. ಯಂತ್ರ ತಿರುಗಿಸಿ ಮಿಕ್ಕ ಗಾಳಿ ಕೆಳಗಿಳಿದು, ಎರೆಹೊಲದ ಧೂಳನ್ನೆಲ್ಲ ಹೊತ್ತು ತಂದು ನನ್ನ ಗಾಜಿನ ಮೇಲೆ ಕೂರಿಸುತ್ತದೆ. ಒರೆಸಿದರೆ ಗೀರು, ಒರೆಸದಿದ್ದರೆ ಮಬ್ಬು. ಕಾಲಕಾಲೇಶ್ವರನ ಮೆಟ್ಟಿಲು ಹತ್ತುವಾಗ ಬೆವರಿಗೆ ಚಾಳೀಸು ಮೂಗಿನ ತುದಿಗೆ ಜಾರುತ್ತದೆ; ದೇವರ ದರ್ಶನಕ್ಕಿಂತ ಮೊದಲು ನನ್ನದೇ ಪಾದದರ್ಶನ ಆಗುತ್ತದೆ. ಒಮ್ಮೆ ಅಲ್ಲಿಯ ಜಾತ್ರೆಯಲ್ಲಿ ಅಂತರಗಂಗೆಯ ನೀರಿನಿಂದ ಮುಖ ತೊಳೆಯಲೆಂದು ಚಾಳೀಸು ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ತೊಳೆದು, "ಕೊಡು" ಎಂದು ಕೈ ಚಾಚಿದೆ. ಎದುರಿಗೆ ಅದೇ ಬಣ್ಣದ ಸೀರೆಯೇ ಇತ್ತು, ಉಟ್ಟವರು ಮಾತ್ರ ಬೇರೆ. ಆ ತಾಯಿ ಪುಣ್ಯವಂತರು, ಚಾಚಿದ ಕೈಗೆ ಒಂದು ಚೂರು ಕೊಬ್ಬರಿ ಹಾಕಿ ಮುಂದೆ ಹೋದರು.

ಆಪರೇಷನ್ ಮಾತೆತ್ತಿದ ದಿನ ಅವ್ವ ತನ್ನ ಅತ್ತೆಯ ಕಥೆ ತೆಗೆದಳು. ನಮ್ಮ ಕಡೆ ಆ ಕಾಲದಲ್ಲಿ ಕಣ್ಣು ಅಂದರೆ ಮೋದಿ ಡಾಕ್ಟರು. ಬೀಳಗಿಯಲ್ಲಿ ಹುಟ್ಟಿದ ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ, ದುಡ್ಡಿಲ್ಲದವರಿಗೆ ದೃಷ್ಟಿ ಕೊಟ್ಟವರು. ಒಂದೇ ದಿನ 833 ಪೊರೆಯ ಆಪರೇಷನ್ ಮಾಡಿ ಗಿನ್ನೆಸ್ ಪುಸ್ತಕ ಸೇರಿದವರು. ಅವ್ವನ ಅತ್ತೆ, ಅಂದರೆ ನಾವು ಅಮ್ಮ ಎನ್ನುತ್ತಿದ್ದ ಅಜ್ಜಿ, ಅಂಥದೊಂದು ಶಿಬಿರದಲ್ಲಿ ಸಾಲಾಗಿ ಮಲಗಿದ್ದವರಲ್ಲಿ ಒಬ್ಬಳು. ಆಗ ಕಣ್ಣೊಳಗೆ ಹೊಸ ಮಸೂರ ಕೂರಿಸುವ ಪದ್ಧತಿ ನಮ್ಮೂರುಗಳಿಗೆ ಬಂದಿರಲಿಲ್ಲ. ಮಬ್ಬಾದದ್ದನ್ನು ತೆಗೆದು, ಹೊರಗೆ ದಪ್ಪ ಗಾಜಿನ ಚಾಳೀಸು ಕೊಡುತ್ತಿದ್ದರು. ಅದರ ಹಿಂದೆ ಅಮ್ಮನ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತೆಂದರೆ ಮೊಮ್ಮಕ್ಕಳು ಸುಳ್ಳು ಹೇಳಲು ಹೆದರುತ್ತಿದ್ದೆವು. ಅವ್ವನ ವಾದ ಸರಳ: "ಆಕಿ ಕಾಣಲಿಲ್ಲಂತ ಆಪರೇಷನ್ ಮಾಡಿಸಿಕೊಂಡು ಚಾಳೀಸು ಹಾಕ್ಕೊಂಡಳು. ನೀ ಚಾಳೀಸು ಇದ್ದು, ಕಾಣತಿದ್ದು, ಆಪರೇಷನ್ ಅಂತೀಯಲ್ಲೋ ತಮ್ಮಾ."

ಇತಿಹಾಸದ ಮಾಸ್ತರರು ಇನ್ನೂ ಹಿಂದಕ್ಕೆ ಹೋದರು. ವಿಜಯನಗರದ ವ್ಯಾಸರಾಯರು ಓದಲು ಚಾಳೀಸು ಬಳಸುತ್ತಿದ್ದ ಸಂಗತಿ ಸೋಮನಾಥ ಕವಿ ಬರೆದ ಅವರ ಚರಿತ್ರೆಯಲ್ಲಿ ಇದೆ. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಅದನ್ನು ಎತ್ತಿ ತೋರಿಸಿದ್ದಾರೆ. "ರಾಜಗುರುಗಳಿಗೆ ನಡದದ್ದು ನಿಮಗ ನಡಿಯಂಗಿಲ್ಲೇನ್ರಿ?" ಎಂದರು. ವ್ಯಾಸರಾಯರು ಗಜೇಂದ್ರಗಡದ ಬಸ್ಸಿಗೆ ಓಡಿ ಹತ್ತುತ್ತಿರಲಿಲ್ಲ ಎಂದು ನಾನು ಹೇಳಬೇಕಾಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ಕಣ್ಣಿನ ಸರ್ವೆ ನಡೆಯಿತು. ಕಾರ್ನಿಯಾದ ಉಬ್ಬು ತಗ್ಗುಗಳ ಬಣ್ಣದ ನಕ್ಷೆ ತೆಗೆದರು. ಕಾರ್ನಿಯಾ ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಒಂದು ನಂಬರು ಇಳಿಸಲು ಅದರಲ್ಲಿ ಅಂದಾಜು 12ರಿಂದ 15 ಮೈಕ್ರಾನ್ ಕೆತ್ತಬೇಕು. ಗಣಿತದವನಾದ ನಾನು ಅಲ್ಲೇ ಐದೂವರೆಯಿಂದ ಗುಣಿಸಿ, ಉಳಿದದ್ದು ಸಾಕಾಗುತ್ತದೋ ಇಲ್ಲವೋ ಎಂದು ಎರಡು ಸಲ ತಾಳೆ ನೋಡಿದೆ. ಡಾಕ್ಟರು ನಾನು ಚಾಳೀಸು ಹಾಕಲು ಶುರುಮಾಡಿದಾಗ ಇನ್ನೂ ಹುಟ್ಟಿರದ ಹುಡುಗ. ಕೆತ್ತುವ ಲೇಸರಿನ ಕಥೆ ಅವರೇ ಹೇಳಿದರು. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದ ಭಾರತೀಯ ಮೂಲದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಣುಕನ್ನು ತಂದು ಎಕ್ಸೈಮರ್ ಲೇಸರಿನ ಕೆಳಗೆ ಹಿಡಿದರಂತೆ. ಸುತ್ತಲಿನ ಮಾಂಸ ಸುಡದೆ, ಬೇಕಾದಷ್ಟೇ ಜಾಗ ಅಚ್ಚುಕಟ್ಟಾಗಿ ಕೊರೆದು ಹೋಯಿತು. ಅಲ್ಲಿಂದ ಮುಂದೆ ಅದು ಕಣ್ಣಿನ ಡಾಕ್ಟರರ ಕೈಗೆ ಬಂತು. ಈ ಕಥೆಯನ್ನು ಮನೆಯಲ್ಲಿ ಹೇಳಬಾರದಿತ್ತೋ ಏನೋ. ನನ್ನಾಕೆ ಸೋಮವಾರ ಉಳ್ಳಾಗಡ್ಡಿ ಸಹ ಮುಟ್ಟದವಳು. "ಕೋಳಿ ಎಂಜಲದ ಮ್ಯಾಲೆ ಹೊಡದದ್ದನ್ನ ನಿಮ್ಮ ಕಣ್ಣಿಗೆ ಹೊಡಿತಾರೇನ್ರಿ?" ಎಂದಳು. ಯಂತ್ರ ಬೇರೆ, ಕೋಳಿ ಬೇರೆ ಎಂದು ತಿಳಿಸಿ ಹೇಳುವುದರಲ್ಲಿ ಊಟ ತಣ್ಣಗಾಯಿತು.

ನಿಜವಾದ ತೊಡಕು ಇದ್ದದ್ದು ಡಾಕ್ಟರು ಕೇಳಿದ ಪ್ರಶ್ನೆಯಲ್ಲಿ: "ಸರ, ನಿಮಗ ದೂರದ್ದು ಬೇಕೋ, ಹತ್ತಿರದ್ದು ಬೇಕೋ?"

ಎರಡೂ ಬೇಕು ಎಂದೆ. ಅವರು ನಕ್ಕರು. ನಲವತ್ತರ ನಂತರ ಕಣ್ಣೊಳಗಿನ ಮಸೂರ ಬಿರುಸಾಗುತ್ತದೆ, ಹತ್ತಿರದ್ದಕ್ಕೆ ಬಗ್ಗುವುದಿಲ್ಲ. ಲೇಸರು ಕೆತ್ತುವುದು ಹೊರಗಿನ ಕಾರ್ನಿಯಾವನ್ನು. ಒಳಗಿನ ಮಸೂರದ ವಯಸ್ಸಿಗೆ ಅದರಲ್ಲಿ ಮದ್ದಿಲ್ಲ. ಮೈನಸ್ ನಂಬರಿನವರಿಗೆ ಒಂದು ಗುಪ್ತ ಸವಲತ್ತು ಇರುತ್ತದೆ: ಚಾಳೀಸು ತೆಗೆದು ಮೂಗಿನ ಹತ್ತಿರ ಹಿಡಿದರೆ ಎಂಥ ಸಣ್ಣ ಅಕ್ಷರವೂ ಸ್ಪಷ್ಟ. ಓರಗೆಯವರು ಗುಳಿಗೆಯ ಡಬ್ಬಿಯನ್ನು ಕೈ ಉದ್ದ ಮಾಡಿ ಹಿಡಿದು ಒದ್ದಾಡುವಾಗ ನಾನು ಔಷಧ ತಯಾರಾದ ತಿಂಗಳನ್ನೂ ಓದಿ ಹೇಳುತ್ತಿದ್ದೆ. ದೂರದ್ದು ಸರಿ ಮಾಡಿಸಿದರೆ ಈ ಸವಲತ್ತು ರದ್ದು. ಪೇಪರಿಗೆ ಬೇರೆ ಚಾಳೀಸು ಬರುತ್ತದೆ. ಇನ್ನೊಂದು ದಾರಿಯೂ ಇತ್ತು. ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ. ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ರೂಢಿ ನೋಡಿ ಎಂದರು. ಎಷ್ಟೋ ಜನರಿಗೆ ಅದು ಒಗ್ಗುತ್ತದೆ. ನನ್ನ ಎರಡು ಕಣ್ಣುಗಳಿಗೆ ಮಾತ್ರ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ.

ಹಾಗಾಗಿ ಆರಿಸಲೇಬೇಕಾಯಿತು, ನಾನು ಊರವರನ್ನು ಕೇಳುತ್ತಾ ಹೋದೆ. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಹಳೆಯ ಪರಿಚಯದವರು ಮಗ್ಗದಿಂದ ತಲೆ ಎತ್ತದೆಯೇ ಹೇಳಿದರು: "ಹತ್ತರದ್ದು ಬಿಡಬ್ಯಾಡ್ರಿ. ಎಳಿ ಕಾಣಲಿಲ್ಲಂದ್ರ ಗುಡ್ಡ ಕಂಡು ಏನ್ ಮಾಡೋದು?" ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತಾ, "ದೂರದ್ದು ಡ್ರೈವರಗ, ಹತ್ತರದ್ದು ನನಗ. ಅದಕ್ಕ ಸರಕಾರ ಇಬ್ಬರನ್ನ ಇಟ್ಟೈತ್ರಿ" ಎಂದರು. ನರಗುಂದದ ಮಾವನವರದು ಬೇರೆಯೇ ಲೆಕ್ಕ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಎದ್ದು, ಗೋಲಿಬಾರ್ ಆಗಿ, ಆ ಕಾವು ರಾಜ್ಯಕ್ಕೆಲ್ಲ ಹಬ್ಬಿದ್ದನ್ನು ಕಂಡವರು ಅವರು. ಕಾಲುವೆಯ ಕೊನೆಯಲ್ಲಿ ಹೊಲ. "ದೂರದ್ದ ಮಾಡಿಸ್ರಿ ಅಳಿಯಂದಿರ. ನಮ್ಮ ನರಗುಂದದಾಗ ನೀರು ಯಾವಾಗಲೂ ದೂರಾನ ಇರತೈತಿ." ಕೊನೆಗೆ ಹೆಂಡತಿಯನ್ನು ಕೇಳಿದೆ. ಹತ್ತಿರದ್ದು ಕಾಣದಿದ್ದರೆ ನಡೆದೀತೇ ಎಂದು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ಇಷ್ಟು ವರ್ಷ ಹತ್ತರದ್ದು ಏನು ನೋಡೀರಿ?"

ಬಹುಮತ ದೂರದ ಕಡೆ ವಾಲಿತು.

ಆಪರೇಷನ್ನಿನ ಬಗ್ಗೆ ಹೇಳುವಂಥದ್ದು ಕಡಿಮೆ. ಹನಿ ಹಾಕಿ ಮರಗಟ್ಟಿಸುತ್ತಾರೆ, ರೆಪ್ಪೆ ಮುಚ್ಚದಂತೆ ಹಿಡಿಯುತ್ತಾರೆ, ದೀಪ ನೋಡು ಎನ್ನುತ್ತಾರೆ, ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಎಬ್ಬಿಸುತ್ತಾರೆ. ಆಮೇಲಿನ ಕಟ್ಟಳೆಗಳೇ ದೊಡ್ಡವು. ಕಣ್ಣು ತಿಕ್ಕಬಾರದು, ತಲೆ ಮೇಲೆ ನೀರು ಹಾಕಬಾರದು, ಧೂಳಿಗೆ ಹೋಗಬಾರದು. ಧೂಳಿಗೆ ಹೋಗಬೇಡಿ ಎಂದರೆ ರೋಣಕ್ಕೆ ಹೋಗಬೇಡಿ ಎಂದೇ ಅರ್ಥ. ಹುಬ್ಬಳ್ಳಿಯ ಷಡ್ಡಕನ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತು, ಅವರ ಟಿವಿಯ ಧಾರಾವಾಹಿಗಳನ್ನೆಲ್ಲ ಕೇಳಿಸಿಕೊಂಡೆ.

ಈಗ ರೋಣದಿಂದ ಬಸ್ಸು ಬಿಟ್ಟು ಗಜೇಂದ್ರಗಡ ಸಮೀಪಿಸುತ್ತಿದ್ದಂತೆ ಗುಡ್ಡದ ಮೇಲಿನ ಗಾಳಿಯಂತ್ರದ ಮೂರೂ ರೆಕ್ಕೆ ಬರಿಗಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಜಾತ್ರೆಯಲ್ಲಿ ಹೆಂಡತಿಯನ್ನು ಸೀರೆಯಿಂದಲ್ಲ, ಮುಖದಿಂದಲೇ ಗುರುತಿಸುತ್ತೇನೆ. ಕೊನೆಯ ಬೆಂಚಿನವರಿಗಂತೂ ಕೆಟ್ಟ ಕಾಲ. ಮೊನ್ನೆ ಟೆಸ್ಟಿನಲ್ಲಿ ಬಾಗಿಲ ಬಳಿ ನಿಂತೇ, ಹಿಂದಿನ ಸಾಲಿನ ಹುಡುಗ ತೋಳಿನ ಮಡಿಕೆಯಿಂದ ಚೀಟಿ ಎಳೆಯುವುದನ್ನು ಕಂಡೆ. ಹೋಗಿ ಹಿಡಿದೆ. ಚೀಟಿ ಕೈಗೆ ಬಂತು, ಅಕ್ಷರ ಕಣ್ಣಿಗೆ ಬರಲಿಲ್ಲ. ಓದುವ ಚಾಳೀಸು ಸ್ಟಾಫ್ ರೂಮಿನಲ್ಲಿತ್ತು. ಗಣಿತದ ಚೀಟಿಯೋ, ಯಾರಿಗೋ ಬರೆದ ಪ್ರೇಮಪತ್ರವೋ ತಿಳಿಯದೆ, "ಏನ್ ಬರದೀಯೋ ಓದು" ಎಂದು ಅವನಿಗೇ ಕೊಟ್ಟೆ. ಆತ ಪೈಥಾಗೊರಸ್ ಪ್ರಮೇಯವನ್ನು ಇಡೀ ತರಗತಿಗೆ ಕೇಳುವಂತೆ, ಸ್ಪಷ್ಟವಾಗಿ, ಒಂದು ತಪ್ಪಿಲ್ಲದೆ ಓದಿದ. ಆ ಸಲ ಆ ಪ್ರಶ್ನೆಗೆ ಎಲ್ಲರೂ ಪೂರ್ಣ ಅಂಕ ಪಡೆದರು.

ಚಾಳೀಸು ಹೋಗಿಲ್ಲ, ಮೂಗಿನಿಂದ ಕಿಸೆಗೆ ವರ್ಗವಾಗಿದೆ, ಅಷ್ಟೇ. ಆದರೂ ಈ ವ್ಯವಹಾರದಲ್ಲಿ ನನಗೆ ನಷ್ಟವಿಲ್ಲ. ಪೇಪರ್ ಓದದೆ ಒಂದು ದಿನ ಕಳೆಯಬಹುದು, ಈಚೆಗೆ ಹಾಗೆ ಕಳೆದರೆ ಆರೋಗ್ಯಕ್ಕೂ ಒಳ್ಳೆಯದು. ಗುಡ್ಡ ನೋಡದೆ ಗಜೇಂದ್ರಗಡದವನಿಗೆ ಆಗುವುದಿಲ್ಲ. ಗಜೇಂದ್ರಗಡದ ನೇಕಾರರು, ಅಕ್ಕಸಾಲಿಗರು, ಸಿಂಪಿಗರು ನನ್ನ ಮಾತು ಕೇಳಬೇಡಿ.

ಉಳಿದವರು ಮಾಡಿಸುವುದಾದರೆ ಮಾಡಿಸಿ, ಆಪರೇಷನ್ನಿಗೆ ಮೊದಲಿನ ನಂಬರಿನ ಚೀಟಿ ಮತ್ತು ಆ ಬಣ್ಣದ ನಕ್ಷೆ ಮಾತ್ರ ಒಗೆಯಬೇಡಿ. ವಯಸ್ಸಾದ ಮೇಲೆ ಬರುವ ಪೊರೆಯನ್ನು ಲೇಸರು ತಡೆಯುವುದಿಲ್ಲ. ಆಗ ಕಣ್ಣೊಳಗೆ ಕೂರಿಸುವ ಮಸೂರದ ಲೆಕ್ಕ ಕೆತ್ತಿದ ಕಾರ್ನಿಯಾದಲ್ಲಿ ಸುಲಭಕ್ಕೆ ಕೂಡುವುದಿಲ್ಲ, ಹಳೆಯ ಅಳತೆ ಇದ್ದರೆ ಡಾಕ್ಟರರಿಗೆ ಅನುಕೂಲ. ನನ್ನವನ್ನು ಹೊಲದ ಉತಾರದ ಜೊತೆ ಟ್ರಂಕಿನಲ್ಲಿಟ್ಟಿದ್ದೇನೆ, ಕೀಲಿ ಹೆಂಡತಿಯ ಹತ್ತಿರ ಇದೆ.