ಭರ್ಜಿ ಹಿಡಿದವರ ಮುಂದೆ ಭಜ್ಜಿ ಹಿಡಿದವನು

ಮೈಸೂರಿನ ಬನ್ನಿಮಂಟಪದಲ್ಲಿ ವಿಜಯದಶಮಿಯ ಸಂಜೆ ನಡೆಯುವ ಪಂಜಿನ ಕವಾಯತನ್ನು ಉತ್ತರದ ಅರಕೇರಾದವನಾದ ನಾನು ನೋಡಬೇಕೆಂದರೆ ಕರ್ನಾಟಕವನ್ನು ಉದ್ದಕ್ಕೂ ಅಳೆಯಬೇಕು. ಬಸ್ಸಿನಲ್ಲಿ ಕುಲುಕಿ ಕುಲುಕಿ, ಕುದುರೆ ಹತ್ತದೆಯೇ ನನ್ನ ಸೊಂಟ ಸವಾರಿಯ ಸುಖವನ್ನೆಲ್ಲ ಅನುಭವಿಸಿತ್ತು.

ಅಶ್ವಾರೋಹಿ ಪೊಲೀಸರ ಆಟ ಶುರುವಾಯಿತು. ನೆಲದಲ್ಲಿ ಹೂತ ಪುಟ್ಟ ಮರದ ಗೂಟವನ್ನು ನಾಗಾಲೋಟದಲ್ಲೇ ಭರ್ಜಿಯಿಂದ ಚುಚ್ಚಿ ಎತ್ತುತ್ತಾರೆ! ಕೂತಲ್ಲೇ ಕೂತ ನಾನೋ, ಕೈಯಲ್ಲಿದ್ದ ಮಿರ್ಚಿ ಭಜ್ಜಿಯನ್ನು ಬಾಯಿಯ ಬದಲು ಅಂಗಿಗೆ ತಿನ್ನಿಸಿದೆ. ಪಕ್ಕದಲ್ಲಿದ್ದ ಕಾಕಾ, "ಲೇ ತಮ್ಮಾ, ಆ ಕುದುರಿಗಿ ಗುರಿ ಗೊತ್ತದ, ನಿನಗ ನಿನ್ನ ಬಾಯಿ ಎಲ್ಲದಂತ ಗೊತ್ತಿಲ್ಲ" ಎಂದರು.

ಭರ್ಜಿ ಎಂದರೆ ಮೈಸೂರಿಗೆ ಬರೀ ಆಟವಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕುದುರೆ ಪಡೆಗಳಲ್ಲಿ ಭರ್ಜಿ ಸವಾರರ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಇದನ್ನು ಕಾಕಾಗೆ ಹೇಳಿದರೆ, "ನೀ ಇದ್ದಿದ್ರ ಸೋಲ್ತಿದ್ರು" ಎಂದುಬಿಟ್ಟರು.

ಕವಾಯತಿಗೆ ಹೋಗುವವರಿಗೆ ಒಂದೇ ಮಾತು: ಬೇಗ ಹೋಗಿ ಜಾಗ ಹಿಡಿಯಿರಿ, ಕೊಡೆ ಒಯ್ಯಿರಿ. ಮನೆಗೆ ಮರಳಿದ ಮೇಲೆ ಮಾತ್ರ ಮಂಚದ ಮೇಲೆ ಸವಾರಿ ಅಭ್ಯಾಸ ಮಾಡಬೇಡಿ.