ಕೋಗಿಲಬನದ ಫರ್ಮಾಯಿಷಿ

2023ರ ಜನವರಿ 29, ಹಂಪಿ ಉತ್ಸವದ ಕೊನೆಯ ರಾತ್ರಿ. ಕೈಲಾಶ್ ಖೇರ್ ಹಾಡುತ್ತಿದ್ದಾಗ ಪ್ರೇಕ್ಷಕರ ಕಡೆಯಿಂದ ಬಾಟಲಿಯೊಂದು ವೇದಿಕೆಯತ್ತ ಹಾರಿತು. ಕನ್ನಡ ಹಾಡು ಹಾಡಲಿಲ್ಲ ಎಂಬುದು ಎಸೆದವರ ಸಿಟ್ಟು. ಪೊಲೀಸರು ಇಬ್ಬರನ್ನು ಹಿಡಿದೊಯ್ದರು, ಖೇರ್ ಹಾಡು ಮುಂದುವರಿಸಿದರು. ಬಾಟಲಿ ಎಸೆದದ್ದು ಅಸಭ್ಯವೇ ಸರಿ, ಆದರೆ ಸಿಟ್ಟಿಗೊಂದು ಹಿನ್ನೆಲೆಯಿತ್ತು ಎನ್ನಿ. 2010ರ 'ಜಾಕಿ' ಚಿತ್ರದಲ್ಲಿ ಪುನೀತ್ ರಾಜಕುಮಾರ್ ಕುಣಿದ ಹಾಡೊಂದಕ್ಕೆ ದನಿ ಕೊಟ್ಟವರು ಇದೇ ಖೇರ್. ಒಮ್ಮೆ ತನ್ನ ಭಾಷೆಯಲ್ಲಿ ಹಾಡಿದ ಗಾಯಕ ಅಭಿಮಾನಿಯ ಲೆಕ್ಕದಲ್ಲಿ ಸಾಲಗಾರ. ಸಿಕ್ಕಲ್ಲಿ ವಸೂಲಿ ಆಗಲೇಬೇಕು, ಅದೂ ಬಡ್ಡಿ ಸಮೇತ.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯಲ್ಲಿ ಈ ವಸೂಲಿಗೆ ಬಾಟಲಿ ಬೇಕಾಗಿಲ್ಲ, ಫರ್ಮಾಯಿಷಿ ಚೀಟಿ ಸಾಕು.

ಗಣಪತಿ ಪೆಂಡಾಲಿಗೋ ರಾಜ್ಯೋತ್ಸವಕ್ಕೋ ಆರ್ಕೆಸ್ಟ್ರಾ ಬಂದಿತೆಂದರೆ ಮೊದಲ ಎರಡು ಭಕ್ತಿಗೀತೆ ಮುಗಿಯುವಷ್ಟರಲ್ಲಿ ನಿರೂಪಕನ ಕೈತುಂಬ ಚೀಟಿ. ಸಿಗರೇಟ್ ಪ್ಯಾಕಿನ ಒಳಗಿನ ಬೆಳ್ಳಿ ಕಾಗದ, ದೇಣಿಗೆ ರಸೀದಿಯ ಬೆನ್ನು, ಶಾಲೆಯ ನೋಟ್‌ಬುಕ್ಕಿನ ಮೂಲೆ, ಹೀಗೆ ಸಿಕ್ಕಿದ್ದರ ಮೇಲೆಲ್ಲ ಬರೆದಿರುತ್ತಾರೆ. ಹಾಡು ಹಿಂದಿಯದ್ದು, ಅಕ್ಷರ ಕನ್ನಡದ್ದು, ಕಾಗುಣಿತ ಯಾರದ್ದೂ ಅಲ್ಲ. ಹಾಡಿನ ಹೆಸರು ಸಣ್ಣದಾಗಿ ಒಂದು ಮೂಲೆಯಲ್ಲಿದ್ದರೆ ಅದರ ಕೆಳಗೆ ದಪ್ಪಕ್ಷರದಲ್ಲಿ 'ಕೋಗಿಲಬನದ ಗೆಳೆಯರಿಂದ ಹಳೇ ದಾಂಡೇಲಿಯ ಮಾಮಾಗೆ' ಎಂದಿರುತ್ತದೆ (ಕೋಗಿಲಬನ ದಾಂಡೇಲಿಗೆ ಅಂಟಿಕೊಂಡ ಊರು). ನಿರೂಪಕ ಅನುಭವಿ ಆಗಿದ್ದರೆ ಹೆಸರುಗಳನ್ನು ಪೂರ್ತಿ ಓದಿ, ಹಾಡನ್ನು ತನಗೆ ತೋಚಿದ್ದು ಹಾಡಿಸುತ್ತಾನೆ. ಯಾರೂ ತಕರಾರು ಎತ್ತುವುದಿಲ್ಲ.

ಇಷ್ಟು ಭಾಷೆಗಳು ಒಂದೇ ಪೆಂಡಾಲಿನಲ್ಲಿ ಕೂರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂತು, ಅದರ ಬೆನ್ನಿಗೇ ಕೆಲಸ ಹುಡುಕಿಕೊಂಡು ನಾಲ್ಕು ದಿಕ್ಕಿನ ಜನ ಬಂದರು. ಸೂಪಾ ಅಣೆಕಟ್ಟಿನ ಕೆಲಸ ಇನ್ನಷ್ಟು ಜನರನ್ನು ಕರೆತಂದಿತು. ಹಳಿಯಾಳದ ಸಂತೆಯಲ್ಲಿ ಮರಾಠಿ ಗೊತ್ತಿದ್ದರೆ ಚೌಕಾಶಿ ಸಲೀಸು. ಜೋಯಿಡಾದ ಕುಣಬಿಗಳದು ಕೊಂಕಣಿ, ಕಾಡಂಚಿನ ಗೌಳಿಗಳದು ಅವರದೇ ಒಂದು ಮರಾಠಿ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕ್ಯಾಂಪುಗಳಿವೆ. ಇವೆಲ್ಲದರ ನಡುವೆ ಉರ್ದು, ತೆಲುಗು, ಮತ್ತು ಧಾರವಾಡದ ಗಾಳಿ ಬಡಿದ ಕನ್ನಡ. ಇಲ್ಲಿ ಬೆಳೆದ ಹುಡುಗ ನಾಲ್ಕು ಭಾಷೆಯಲ್ಲಿ ಜಗಳ ಆಡಬಲ್ಲ, ಅರ್ಜಿ ಬರೆಯುವಾಗ ಮಾತ್ರ ಪೆನ್ನು ಕಚ್ಚುತ್ತಾನೆ.

ಹಾಗಾದರೆ ಚೀಟಿಯಲ್ಲಿ ಪ್ರತಿಯೊಬ್ಬರೂ ತಂತಮ್ಮ ಮನೆಮಾತನ್ನೇ ಕೇಳಬೇಕಲ್ಲ? ಅಲ್ಲೇ ಇರುವುದು ಮಜಾ. ಮರಾಠಿ ಮನೆಯ ಅಜ್ಜ 'ಅಣ್ಣಾವ್ರ ಹಾಡು' ಕೇಳುತ್ತಾನೆ. ಕನ್ನಡದ ಮೇಷ್ಟ್ರು ಕಿಶೋರ್ ಕುಮಾರ್ ಕೇಳುತ್ತಾರೆ. ತೆಲುಗು ಮನೆಯ ಹುಡುಗನಿಗೆ ಉತ್ತರ ಕರ್ನಾಟಕದ ಜಾನಪದ ಬೇಕು, ಅದೂ ಡಿಜೆ ಪೆಟ್ಟಿನಲ್ಲಿ. ಮನೆಮಾತಿನ ಹಾಡು ಮದುವೆ, ಬಾಣಂತನ, ಭಜನೆಗೆ. ಪೆಂಡಾಲಿನಲ್ಲಿ ಕೇಳುವುದು ವಯಸ್ಸಿಗೆ ಬಂದಾಗ ರೇಡಿಯೋದಲ್ಲೋ ಟೂರಿಂಗ್ ಟಾಕೀಸಿನಲ್ಲೋ ಕಿವಿಗೆ ಬಿದ್ದ ಹಾಡು. ಅದು ಯಾವ ಭಾಷೆಯಲ್ಲಿತ್ತೋ ಅದೇ ಗಾಯಕನಿಗೆ ಒಪ್ಪುವ ಭಾಷೆ ಎಂದು ಅಭಿಮಾನಿ ಅವತ್ತೇ ತೀರ್ಪು ಕೊಟ್ಟಾಗಿರುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲ.

ಅಂದಹಾಗೆ, 'ಅಣ್ಣಾವ್ರ ಹಾಡು' ಎಂದು ಕೇಳುವವರಲ್ಲಿ ಎಷ್ಟೋ ಮಂದಿಗೆ ಬೇಕಾಗಿರುವುದು ಪಿ. ಬಿ. ಶ್ರೀನಿವಾಸ್ ಹಾಡು. 1974ರ 'ಸಂಪತ್ತಿಗೆ ಸವಾಲ್' ಬಂದು ಅಣ್ಣಾವ್ರು, ಅಂದರೆ ರಾಜಕುಮಾರ್, ತಾವೇ ಹಾಡತೊಡಗುವವರೆಗೆ ತೆರೆಯ ಮೇಲೆ ಅವರ ತುಟಿಗೆ ಹೆಚ್ಚಾಗಿ ದನಿಯಾದವರು ಕಾಕಿನಾಡದ ಈ ತೆಲುಗು ಮನೆಯವರು.

ಕೊಂಕಣಿಯ ಪಾಡೇ ಬೇರೆ.

"ಏ ಅಣ್ಣಾ, ಒಂದ್ ಕೊಂಕಣಿ ಹಾಡ್ ಆಗ್ಲಿ!"

"ಯಾವ ಕೊಂಕಣಿ ಮಾಮಾ? ಗೋವಾದ್ದೋ, ಮಂಗಳೂರಿಂದೋ?"

"ನಮ್ದು ಪಾ!"

ನಮ್ದು ಎಂದರೆ ಜೋಯಿಡಾದ್ದು. ಅದು ಕೀಬೋರ್ಡಿನವನ ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಗೆ ಗೋವಾದ ಲೋರ್ನಾ ಹಾಡಿದ್ದೊಂದು ಅಥವಾ ಮಂಗಳೂರಿನ ವಿಲ್ಫಿ ರೆಬಿಂಬಸ್ ಅವರದ್ದೊಂದು ಹಾಡಿ ಪಾರಾಗುತ್ತಾರೆ. 2010ರಲ್ಲಿ ತೀರಿಕೊಂಡ ವಿಲ್ಫಿಯವರಿಗೆ ಅಭಿಮಾನಿಗಳು ಕೊಟ್ಟ ಬಿರುದು 'ಕೊಂಕಣ್ ಕೋಗುಳ್', ಅಂದರೆ ಕೊಂಕಣದ ಕೋಗಿಲೆ. ಕೋಗಿಲಬನದಲ್ಲಿ ಅವರ ಹಾಡು ಕೇಳಿದರೆ ಬೇಡ ಎನ್ನುವುದಾದರೂ ಹೇಗೆ?

ಈ ಚೀಟಿ ವ್ಯವಹಾರ ಆರ್ಕೆಸ್ಟ್ರಾಕ್ಕಷ್ಟೇ ಮೀಸಲು ಎಂದು ಶಾಸ್ತ್ರೀಯ ಸಂಗೀತದವರು ಮೂಗು ಮುರಿಯಬೇಕಿಲ್ಲ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ಕಚೇರಿ ಹುಬ್ಬಳ್ಳಿ-ಧಾರವಾಡದಲ್ಲಾದರೆ ಕೊನೆಗೆ ಪುರಂದರದಾಸರ ಪದ ಬಾರದೆ ಜನ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಅದೇ ಪುಣೆಯಲ್ಲಾದರೆ ತುಕಾರಾಮರ ಅಭಂಗ. ಎರಡೂ ಊರಿನವರು 'ಇವರ ನಿಜವಾದ ಗಾಯನ ನಮ್ಮ ಭಾಷೆಯಲ್ಲೇ' ಎಂದು ಪ್ರಾಮಾಣಿಕವಾಗಿ ನಂಬಿದ್ದರು. ಅದಕ್ಕೂ ಮುಂಚೆ ಎರಡು ಗಂಟೆ ಹಾಡಿದ ಖಯಾಲಿನ ಸಾಹಿತ್ಯ ಬ್ರಜ ಭಾಷೆಯದ್ದು ಎಂಬುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಭೀಮಸೇನರು ಎರಡು ಕಡೆಯ ಬೇಡಿಕೆಯನ್ನೂ ತೀರಿಸಿದರು. 1966ರ 'ಸಂಧ್ಯಾರಾಗ' ಚಿತ್ರಕ್ಕೆ ಕನ್ನಡದಲ್ಲಿ ಹಾಡಿದರು, ಮಹಾರಾಷ್ಟ್ರದಲ್ಲಿ 'ಸಂತವಾಣಿ' ಕಾರ್ಯಕ್ರಮಗಳಿಂದ ಮನೆಮಾತಾದರು.

ಮಧ್ಯದಲ್ಲಿರುವ ಹಳಿಯಾಳದವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಅವರಿಗೆ ದಾಸರ ಪದವೂ ಬೇಕು, ಅಭಂಗವೂ ಬೇಕು. ಎರಡರಲ್ಲೂ ಬರುವವನು ಒಬ್ಬನೇ ವಿಠ್ಠಲ. ಪಂಢರಪುರದ ಆ ವಿಠ್ಠಲನನ್ನು ಜ್ಞಾನೇಶ್ವರರು ಮರಾಠಿಯಲ್ಲೇ ಹಾಡಿ 'ಕಾನಡಾ' ಎಂದು ಕರೆದಿದ್ದಾರೆ. ಏಳು ಶತಮಾನ ಕಳೆದ ಮೇಲೆ ಗ. ದಿ. ಮಾಡಗೂಳಕರರು ಮರಾಠಿ ಸಿನಿಮಾ ಹಾಡಿನಲ್ಲೂ ಅದನ್ನೇ ಹೇಳಿದರು. ಗಡಿ ವಿವಾದದ ಆಯೋಗಗಳ ಮುಂದೆ ಈ ಸಾಕ್ಷ್ಯವನ್ನು ಯಾರೂ ಹಾಜರುಪಡಿಸಿದಂತೆ ಕಾಣುವುದಿಲ್ಲ.

ಹೊರಗಿನವರು ಬಂದು ಹಾಡಿದರೆ ಅಭಿಮಾನಿಯ ಔದಾರ್ಯ ಇನ್ನೂ ಹೆಚ್ಚುತ್ತದೆ. 1972ರ 'ಕುಳ್ಳ ಏಜೆಂಟ್ 000' ಚಿತ್ರದಲ್ಲಿ ಕಿಶೋರ್ ಕುಮಾರ್ ಕನ್ನಡ ಹಾಡಿದರು. ಅವರ ಕನ್ನಡದಲ್ಲಿ ಮುಂಬೈ ಇಣುಕುತ್ತದೆ, ಕೇಳುವವರಿಗೆ ಅದೇ ರುಚಿ. ಊರ ಹುಡುಗ ಅದೇ ಹಾಡನ್ನು ಶುದ್ಧ ಉಚ್ಚಾರದಲ್ಲಿ ಹಾಡಿದರೆ 'ಒರಿಜಿನಲ್ ಥರ ಇಲ್ಲ' ಅನ್ನುತ್ತಾರೆ. ಲತಾ ಮಂಗೇಶ್ಕರ್ 1967ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೆ ಹಾಡಿದ್ದನ್ನು ಈ ಸೀಮೆಯವರು ತಮ್ಮದೇ ಮನೆಯ ಸುದ್ದಿ ಎಂಬಂತೆ ಹೇಳುತ್ತಾರೆ. ಅದರಲ್ಲಿ ಅರ್ಥವಿದೆ. ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಹಳಿಯಾಳದ ಆಚೆ ಮಗ್ಗುಲಲ್ಲೇ ಇದೆ. ಲತಾರ ತಂದೆಯ ಊರು ಗೋವಾದ ಮಂಗೇಶಿಯೂ ಜೋಯಿಡಾದವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಕೆಡುವುದು ಗಾಯಕ ಹಾಡು ಬಿಟ್ಟು ಮಾತಿಗಿಳಿದಾಗ. ಸೋನು ನಿಗಮ್ ಅವರನ್ನೇ ನೋಡಿ. 2006ರ 'ಮುಂಗಾರು ಮಳೆ'ಯಲ್ಲಿ, ಇದೇ ಜಿಲ್ಲೆಯ ಗೋಕರ್ಣದ ಜಯಂತ ಕಾಯ್ಕಿಣಿ ಬರೆದ ಹಾಡನ್ನು ಹಾಡಿ ಅವರು ಕನ್ನಡಿಗರ ಅಳಿಯನ ಪಟ್ಟ ಗಿಟ್ಟಿಸಿದ್ದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಹುಡುಗನೊಬ್ಬ ಕನ್ನಡ ಹಾಡಿಗಾಗಿ ಕೂಗಿದ್ದನ್ನು ಪಹಲ್ಗಾಮ್ ದಾಳಿಯ ಜೊತೆ ತಳುಕು ಹಾಕಿ ಮಾತಾಡಿದರು. ಪೊಲೀಸ್ ದೂರು, ಚಲನಚಿತ್ರ ವಾಣಿಜ್ಯ ಮಂಡಳಿಯ ಅಸಹಕಾರ, ಕೊನೆಗೆ ಅವರ ಕ್ಷಮೆಯಾಚನೆ, ಎಲ್ಲವೂ ವಾರ-ಹತ್ತು ದಿನದಲ್ಲಿ ಮುಗಿದವು. ಇಪ್ಪತ್ತು ವರ್ಷ ಹಾಡಿ ಗಳಿಸಿದ್ದನ್ನು ಒಂದು ನಿಮಿಷದ ಮಾತು ಅಲುಗಾಡಿಸಿತು. ದಾಂಡೇಲಿಯ ನಿರೂಪಕನಾಗಿದ್ದರೆ 'ಬಂತು ಬಂತು, ನಿಮ್ಮದೇ ಮುಂದಿನದು' ಎಂದು ಚೀಟಿಯನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಇದು ಕನ್ನಡಿಗರಿಗಷ್ಟೇ ಅಂಟಿದ ಗೀಳೂ ಅಲ್ಲ. 2017ರ ಜುಲೈಯಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಎ. ಆರ್. ರೆಹಮಾನ್ ಕಛೇರಿ ನಡೆಯಿತು. ಕಾರ್ಯಕ್ರಮದ ಹೆಸರೇ ತಮಿಳಿನಲ್ಲಿತ್ತು. ಆದರೂ ತಮಿಳು ಹಾಡು ಜಾಸ್ತಿಯಾಯಿತೆಂದು ಹಿಂದಿ ಅಭಿಮಾನಿಗಳಲ್ಲಿ ಕೆಲವರು ಎದ್ದು ಹೋದರು, ಟಿಕೆಟ್ ಹಣ ವಾಪಸ್ ಕೊಡಿ ಎಂದರು. ಆಮೇಲೆ ಕೂತು ಲೆಕ್ಕ ಹಾಕಿದವರಿಗೆ ಹಿಂದಿ ಹಾಡುಗಳೇ ಹೆಚ್ಚು ಸಿಕ್ಕವು. 2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎಡ್ ಶೀರನ್ ಬೆಂಗಳೂರಿಗೆ ಬಂದು, ಕಷ್ಟಪಟ್ಟು ಕಲಿತು, ತೆಲುಗು ಹಾಡಿದ. ಬೆಂಗಳೂರಿನಲ್ಲಿ ತೆಲುಗೇಕೆ ಎಂದು ಗೊಣಗಿದವರಿಗೇನೂ ಬರವಿರಲಿಲ್ಲ.

ಆದರೆ ಭಾಷೆ ತಿಳಿಯದಿದ್ದರೂ ಕುಣಿಯುವ ಅಭಿಮಾನಿಯೂ ಇವನೇ. 2021ರ 'ಸಲಗ' ಚಿತ್ರಕ್ಕಾಗಿ ಸಂಗೀತ ನಿರ್ದೇಶಕ ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಸಮುದಾಯದ ಕಲಾವಿದರನ್ನು ಕರೆಸಿ ಅವರದೇ ಹಾಡು ಹಾಡಿಸಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ದಮಾಮಿ ಬಡಿದು ಹಾಡುತ್ತಿದ್ದವರ ದನಿ ರಾಜ್ಯದ ಮದುವೆ ಮಂಟಪಗಳಲ್ಲೆಲ್ಲ ಮೊಳಗಿತು. ಕುಣಿದವರಲ್ಲಿ ಹೆಚ್ಚಿನವರಿಗೆ ಅದರ ಒಂದು ಸಾಲಿನ ಅರ್ಥವೂ ಗೊತ್ತಿರಲಿಲ್ಲ. ಅದು ಕನ್ನಡವೋ ಕೊಂಕಣಿಯೋ ಎಂದು ಕೇಳುವ ಪುರುಸೊತ್ತು ಸೊಂಟಕ್ಕೂ ಇರಲಿಲ್ಲ.

ಇನ್ನು ಮುಂಡಗೋಡದ ಗಡಿ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು ಪಂಚಾಕ್ಷರ ಗವಾಯಿಗಳು. ಗದಗದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ, ತಾವೂ ಅಂಧರಾಗಿದ್ದ ಈ ಗುರುವಿನ ಮೇಲೆ 1995ರಲ್ಲಿ ಕನ್ನಡ ಚಿತ್ರ ಬಂತು. ಹಂಸಲೇಖ ಸಂಗೀತ. ಅದರ ಒಂದು ಹಾಡಿಗಾಗಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು. ದೆಹಲಿಯ ಕಡತದಲ್ಲಿ ಅದು ಕನ್ನಡದ ಲೆಕ್ಕಕ್ಕೆ ಸೇರಿದೆ. ಹಾಡಿದವರ ಮನೆಮಾತು ತೆಲುಗು. ಪ್ರಶಸ್ತಿ ತಂದ ಹಾಡೋ, ಹಿಂದಿ ಸಾಹಿತ್ಯದ ಅಪ್ಪಟ ಹಿಂದೂಸ್ತಾನಿ ಚೀಜು. ಪೆಂಡಾಲಿನಲ್ಲಿ ಈ ಹಾಡಿಗೆ ಚೀಟಿ ಬಂದರೆ ಆರ್ಕೆಸ್ಟ್ರಾದವರು ಮುಖ ಮುಖ ನೋಡಿಕೊಂಡು 'ಟ್ರ್ಯಾಕ್ ತಂದಿಲ್ರೀ' ಎನ್ನುತ್ತಾರೆ. ಭಾಷೆಯ ತೊಡಕೇನೂ ಇಲ್ಲ, ಅವರು ಹೆದರುವುದು ಅದರ ತಾನುಗಳಿಗೆ.