ಛೋಟಾ ಹಾಥಿಯ ಬೆನ್ನುನೋವು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ ಎಂದರೆ ಛೋಟಾ ಹಾಥಿ. 2005ರಲ್ಲಿ ರಸ್ತೆಗಿಳಿದ ಈ ಮರಿಯಾನೆಗೆ ಕಂಪನಿ ನಿಗದಿ ಮಾಡಿದ್ದು ಸುಮಾರು ಮುಕ್ಕಾಲು ಟನ್ ಭಾರ. ಲೋಡ್ ಮಾಡುವವರು ಅದನ್ನು ಬರೀ ಸಲಹೆ ಎಂದುಕೊಂಡಿದ್ದಾರೆ. ಕಾಸ್ಟಿಂಗು, ಕಬ್ಬಿಣದ ಸರಳು ಏರುತ್ತಾ ಹೋದಂತೆ ಹಿಂಭಾಗ ಕುಕ್ಕರಗಾಲಲ್ಲಿ ಕೂರುತ್ತದೆ, ಮುಂಭಾಗ ಆಕಾಶ ನೋಡುತ್ತದೆ.

ಹೀಗೆ ಕೂತು ಕೂತು ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳು, ಸೋಲುತ್ತವೆ. ಹೊಸ ಸ್ಪ್ರಿಂಗ್ ಸೆಟ್ಟಿನ ರೇಟು ಕೇಳಿದೊಡನೆ ಓನರ್‌ಗೆ ಕೆಮ್ಮು ಬರುತ್ತದೆ. ಮೆಕ್ಯಾನಿಕ್ ಸಮಾಧಾನ ಹೇಳುತ್ತಾನೆ: “ಬಿಡಿ ಸಾರ್, ಗುಜರಿಯಿಂದ ಒಂದು ದಪ್ಪ ಪ್ಲೇಟ್ ತಂದು ಸೇರಿಸ್ಬಿಡೋಣ. ಲಾರಿ ಥರ ಆಗ್ಬಿಡುತ್ತೆ!”

ಆಗುತ್ತದೆ, ನಿಜ. ಪ್ಲೇಟಿನ ದಪ್ಪ ಎರಡರಷ್ಟಾದರೆ ಅದರ ಬಿಗಿತ ಎಂಟರಷ್ಟು. ಲೋಡ್ ಇದ್ದಾಗ ಗಾಡಿ ಗಜಗಮನ; ಖಾಲಿ ಹೊರಟಾಗ ಮಾತ್ರ ಜಾಲಹಳ್ಳಿ ಕ್ರಾಸಿನ ಪ್ರತಿ ಗುಂಡಿಯೂ ಡ್ರೈವರನ ಸೊಂಟದಲ್ಲಿ ಹಾಜರಿ ಹಾಕುತ್ತದೆ. ಸ್ಪ್ರಿಂಗ್ ನುಂಗಬೇಕಾದ ಏಟು ನೇರ ಚಾಸಿಗೆ. ಬ್ರೇಕು, ಆಕ್ಸಲ್ಲು, ಟೈರು ಎಲ್ಲ ಹಳೆಯವೇ. ಬೆನ್ನು ಗಟ್ಟಿಯಾದ ಮಾತ್ರಕ್ಕೆ ಕಾಲಿಗೆ ಬಲ ಬರುತ್ತದೆಯೇ?

ಜೇಬು ತೆಳ್ಳಗಿದ್ದರೆ ಮೊದಲು ಸ್ಪ್ರಿಂಗಿನ ತುದಿಗಳಲ್ಲಿ ಸವೆದ ಬುಷ್, ಶ್ಯಾಕಲ್ ಪಿನ್ ಬದಲಿಸಿ. ಸೀಳಿದ ಪ್ಲೇಟಿದ್ದರೆ ಅದೇ ಅಳತೆಯದನ್ನು ಹಾಕಿಸಿ, ಎಡಬಲ ಎರಡೂ ಕಡೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಹಿಡಿದಿಡುವ ಹಳೆಯ ಯು-ಬೋಲ್ಟನ್ನು ಮಾತ್ರ ಮತ್ತೆ ಬಿಗಿಸಬೇಡಿ; ಹೊಸದನ್ನೇ ಹಾಕಿಸಿ, ನಾಲ್ಕು ದಿನ ಓಡಿಸಿ ಮತ್ತೊಮ್ಮೆ ಟೈಟ್ ಮಾಡಿಸಿ.